ಮೂಡಲ ಗೋಡೆಗೊಂದು ಕಿಟಕಿ

ಪಿರಿಯಾಪಟ್ಟಣ, ಸೋಮವಾರ

ದಾಸಯ್ಯ ಮೇಸ್ತ್ರಿಯವರಿಗೆ ಕನಕರಾಜು ಮಾಡುವ ನಮಸ್ಕಾರ.

ನಮ್ಮ ಮನೆಯ ಮೂಡಲ ಗೋಡೆ ಒಡೆದು ಒಂದು ಕಿಟಕಿ ಇಡಬೇಕು. ನೀವು ಕೆಲಸ ಬಿಟ್ಟಿದ್ದೀರಿ ಎಂದು ಗೊತ್ತು. ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹದಿನೆಂಟು ವರ್ಷದ ಹಿಂದೆ ಹುಣಸೂರು ಪೇಟೆಯ ನಮ್ಮ ಭಾವನ ಮನೆ ತೋರಿಸಿ, ಇದರಂತೆಯೇ ಕಟ್ಟಿ ಎಂದಿದ್ದೆ. "ಪ್ಯಾಟೇಲಿ ಎರಡೂ ಪಕ್ಕ ಬ್ಯಾರೆಯೋರ ಗೋಡೆ ಅದೆ, ಅದ್ಕೇ ಕಿಟಕಿ ಮಡಗಿಲ್ಲ. ನಿಮ್ದು ಒಲದ ಮಧ್ಯ. ನಿಮ್ಗೆಂಗೆ ಬೇಕು ಯೋಳಿ ಯಜಮಾನ್ರೇ" ಅಂದಿರಿ. "ಅವ್ರಂಗೇ ಇರ್ಲಿ ಬುಡಿ" ಅಂದೆ. ನನ್ನ ಹೆಂಡತಿ ಬೀರಮ್ಮ, "ಒಲ ಕಾಣಂಗೊಂದು ಕಿಟಕಿ ಇರ್ಲಿ ಕಣ್ರೀ" ಅಂದದ್ದು ನಿಮಗೂ ಕೇಳಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯೊಂದೇ ಅಲ್ಲ. ಭಾವ ಹೊಗೆಸೊಪ್ಪು ಹಾಕಿದರೆಂದು ನಾನೂ ಹಾಕಿದೆ, ಅವರು ಬಿಟ್ಟರೆಂದು ಬಿಟ್ಟೆ. ನನಗೆ ಬೇಕಿದ್ದುದೇನು ಎಂದು ಅರವತ್ತು ದಾಟಿದರೂ ಗೊತ್ತಾಗಲಿಲ್ಲ.

ಬೀರಮ್ಮ ಬಿದ್ದು ಸೊಂಟ ಮುರಿದುಕೊಂಡು ನಾಲ್ಕು ತಿಂಗಳಾಯಿತು. ಇನ್ನು ಏಳುವುದು ಕಷ್ಟ ಎಂದು ಡಾಕ್ಟರು ಅಂದಿದ್ದಾರೆ. ದಿನವೆಲ್ಲ ಆ ಬೋಳು ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಕಿಟಕಿ ಮಂಚದ ಮಟ್ಟಕ್ಕೆ ಬರಬೇಕು.

ಎಲ್ಲಿ ಇಡಿಸಲಿ ಎಂದು ಮೊನ್ನೆ ಅವಳನ್ನೇ ಕೇಳಿದೆ. ಮದುವೆಯಾದಾಗಿನಿಂದ ನಾನು ಹಾಗೆ ಕೇಳಿದ್ದು ಅದೇ ಮೊದಲು. "ನಿಮ್ ಭಾವ್ನೋರ್ನ ಒಂದ್ ಮಾತ್ ಕೇಳಿ" ಅಂದಳು. ಕುಹಕದಿಂದ ಅಂದದ್ದಲ್ಲ ಮೇಸ್ತ್ರಿ, ನಿಜವಾಗಿಯೇ ಅಂದಳು.

ಬರುವಾಗ ಟೇಪು ತನ್ನಿ. ಅಳತೆ ನನ್ನನ್ನು ಕೇಳಬೇಡಿ, ಅವಳನ್ನು ಕೇಳಿ. ನಿಮಗಾದರೂ ಹೇಳಿಯಾಳು.

ಇಂತಿ,
ಕನಕರಾಜು