ಒಳಗಿನ ಚಕ್ರ

ಇಬ್ರಾ
ಗುರುವಾರ, 14 ನವೆಂಬರ್ 2024

ಪ್ರೀತಿಯ ಕಾರ್ಮಿನಕ್ಕನಿಗೆ ಮೋಹಿನಿಯ ನಮಸ್ಕಾರ.

ನೀವೂ ಎಲಿಯಾಸಣ್ಣನೂ ಸೂರ್ ಊರಿನ ಹೊಸ ಮನೆಗೆ ಒಗ್ಗಿಕೊಂಡಿರಬಹುದು. ನಿಮ್ಮ ಕೊಂಕಣಿ ನನಗೆ ಬಾರದು, ನನ್ನ ತುಳು ಕೇಳಿದರೆ ನಿಮಗೆ ನಗು. ಅದಕ್ಕೆ ನಮ್ಮಿಬ್ಬರಿಗೂ ಸೇರಿದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆ ತೆಳು, ಸುಮಿತನಿಗೆ ಎಲ್ಲ ಕೇಳಿಸುತ್ತದೆ. ಫಾರೂಕ್ ತರಕಾರಿ ವ್ಯಾನಿನಲ್ಲಿ ಅಲ್ಲಿಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಕೊಡುತ್ತೇನೆ. ನಮ್ಮ ಇವರು ತೀರಿಕೊಂಡ ಮೇಲೆ ದಿನಾ ಡೈರಿಯಲ್ಲಿ ನಾಲ್ಕು ಸಾಲು ಬರೆಯುವುದು ಅಭ್ಯಾಸವಾಗಿದೆ. ಆದರೆ ಡೈರಿ ತಿರುಗಿ ಏನನ್ನೂ ಕೇಳುವುದಿಲ್ಲ. ನೀವು ಕೇಳುತ್ತೀರಿ.

ನಾಳೆ ಸುಮಿತ್ ಮೊದಲ ಸಲ ನಮ್ಮ ಅರಬಿ ಧಣಿ ಕಫೀಲರ ಒಂಟೆಗಳನ್ನು ಕಟ್ಟಿಕೊಂಡು ಆದಮ್ ಊರಿನ ಓಟದ ಪಂದ್ಯಕ್ಕೆ ಹೊರಟಿದ್ದಾನೆ. ಅವನಪ್ಪ ಓಡಿಸುತ್ತಿದ್ದ ಅದೇ ಪಿಕಪ್, ಹಿಂದೆ ಅದೇ ಟ್ರೇಲರ್. ಇಲ್ಲಿಯವರೆಗೆ ಮೇವು, ನೀರು ಅಂತ ಊರೊಳಗೇ ಓಡಾಡುತ್ತಿದ್ದ. ಈಗ ಮರುಭೂಮಿಯ ದಾರಿ. ಅಪ್ಪನ ಕೆಲಸ ಮಗನಿಗೆ ಸಿಕ್ಕಿತು, ಪುಣ್ಯ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹೋಗು ಅನ್ನಲೂ ಬಾಯಿ ಬರುವುದಿಲ್ಲ, ಬೇಡ ಅನ್ನಲೂ ಬರುವುದಿಲ್ಲ. ಅವನಪ್ಪನೂ ಹೀಗೇ ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಸಿಕೊಂಡು ಹೋದವರು.

ಆ ಪಿಕಪ್ ನಿಮಗೆ ನೆನಪಿರಬೇಕು. ಮುಂದೆ ಎರಡು ಚಕ್ರ, ಹಿಂದೆ ಒಂದೊಂದು ಬದಿಗೆ ಜೋಡಿ ಜೋಡಿ. ಹೊರಗಿನ ಚಕ್ರ ಎಲ್ಲರಿಗೂ ಕಾಣುತ್ತದೆ, ಒಳಗಿನದ್ದು ಯಾರಿಗೂ ಕಾಣುವುದಿಲ್ಲ. ಒಳಗಿನದರಲ್ಲಿ ಗಾಳಿ ಹೋದರೂ ಹೊರಗಿನದು ಭಾರ ಹೊತ್ತುಕೊಂಡು ನೆಟ್ಟಗೆ ನಿಂತಿರುತ್ತದೆ, ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಇವರು ಒಂದು ಗಟ್ಟಿ ಮರದ ಕೋಲು ಇಟ್ಟುಕೊಂಡಿದ್ದರು. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಹಿಂದಿನ ನಾಲ್ಕು ಟಯರಿಗೂ ಒಂದೊಂದು ಪೆಟ್ಟು ಕೊಟ್ಟೇ ಒಳಗೆ ಬರುವುದು. ಗಾಳಿ ತುಂಬಿದ್ದರೆ ಟಣ್, ಇಳಿದಿದ್ದರೆ ಬೊದ್. ಹಲಸಿನಕಾಯಿ ಬಡಿದು ನೋಡಿದ ಹಾಗೆ ಮೋಹಿನಿ, ಕಾಯಿಯಾದರೆ ಟಣ್ ಅನ್ನುತ್ತದೆ, ಹಣ್ಣಾದರೆ ಬೊದ್ ಅನ್ನುತ್ತದೆ ಅಂತ ಹೇಳುತ್ತಿದ್ದರು. ಟಣ್ ಟಣ್ ಟಣ್ ಟಣ್ ಕೇಳಿದರೆ ನಾನು ಚಹಾಕ್ಕೆ ನೀರಿಡುತ್ತಿದ್ದೆ. ನೀವು ಪಕ್ಕದ ಮನೆಯಿಂದ, ಬಂದ್ರು ನೋಡು ನಿನ್ನ ಚೆಂಡೆಯವರು ಅಂತ ಕೂಗುತ್ತಿದ್ದಿರಿ.

ಬಿದಿಯಾ ದಾಟಿ ರಸ್ತೆ ಬದಿಯಲ್ಲಿ ಅವರು ಸಿಕ್ಕಿದ್ದೂ ಹಿಂದಿನ ಚಕ್ರದ ಪಕ್ಕದಲ್ಲೇ. ಗಾಡಿ ಸರಿಯಾಗಿ ನಿಲ್ಲಿಸಿ, ದೀಪ ಮಿನುಗಿಸಿಟ್ಟು, ಟಯರು ನೋಡಲು ಇಳಿದಿದ್ದರಂತೆ. ಎದೆಬಡಿತ ಅಲ್ಲೇ ನಿಂತಿತು. ಕೋಲು ಆ ದಿನದಿಂದ ಕಾಣೆ. ಮರಳಿನಲ್ಲಿ ಹೋಯಿತು ಅಂತ ಸುಮಿತ್ ಅದನ್ನು ಹುಡುಕುವುದನ್ನೂ ಬಿಟ್ಟಿದ್ದಾನೆ.

ಈಗ ನಾನು ಬರೆಯಲು ಕುಳಿತ ವಿಷಯಕ್ಕೆ ಬರುತ್ತೇನೆ. ಓದಿ ಹೆದರಬೇಡಿ.

ಹೋದ ತಿಂಗಳ ಒಂದು ಸಂಜೆ ಸುಮಿತ್ ಬಚ್ಚಲಿನಿಂದ ತಲೆ ಒರೆಸದೆ ಓಡಿ ಬಂದ. ನಾನು ಒಲೆಯ ಮುಂದಿದ್ದೆ. ಅಮ್ಮ, ಹೊರಗೆ ಯಾರು ಟಯರಿಗೆ ಬಡೀತಿರೋದು ಅಂದ. ಗೇಟಿನ ಹತ್ತಿರ ಹೋಗಿ ನೋಡಿದ, ಯಾರೂ ಇಲ್ಲ. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುತ್ತಿತ್ತು. ನಿನಗೂ ಕೇಳಿಸ್ತಾ ಅಂತ ಕೇಳಿದ. ಕೇಳಿಸಿತು ಅಂದೆ. ಅವನು ಕಲಿತ ಹುಡುಗ, ಮಾತೆತ್ತಿದರೆ ಇಂಗ್ಲಿಷ್. ಅವತ್ತು ಮಾತ್ರ ತುಳುವಿನಲ್ಲೇ ನಡುಗಿದ. ಮತ್ತೆ ಎರಡು ದಿನ ಬಿಟ್ಟು ಕೇಳಿಸಿತು. ಆಮೇಲೂ ಕೇಳಿಸುತ್ತ ಹೋಯಿತು.

ಹೋಟೆಲಿನಲ್ಲಿ ಅಡುಗೆ ಮಾಡುವ ಕೊರಗಪ್ಪಣ್ಣ ನಮ್ಮ ಕಡೆಯ ಹಿರಿಯರು. ಅವರನ್ನು ಕೇಳಿದ್ದಕ್ಕೆ, ಸೇಸಪ್ಪನಿಗೆ ಬಡಿಸಿಲ್ಲ ಅಲ್ವಾ ನೀವು, ಹಸಿವಾದವ ಬಾಗಿಲು ಬಡೀದೆ ಎಂತ ಮಾಡ್ತಾನೆ ಅಂದರು. ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದು ಬಡಿಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರುವ ಪದ್ಧತಿ ಉಂಟು. ನಿಮ್ಮಲ್ಲೂ ಈ ತಿಂಗಳು ಸತ್ತವರದ್ದಲ್ಲವೇ? ಸೂಪರ್ ಮಾರ್ಕೆಟಿನಲ್ಲಿ ಬಾಳೆ ಎಲೆ ಸಿಕ್ಕಿತು. ಬಂಗುಡೆ ಗಸಿ, ಕೋರಿ ರೊಟ್ಟಿ ಮಾಡಿ ಬಡಿಸಿದೆ. ಬಾಗಿಲು ಮುಚ್ಚಿ ಕೊರಗಪ್ಪಣ್ಣ, ಸುಮಿತ್, ನಾನು ಮೂವರೂ ಅಂಗಳದಲ್ಲಿ ಒಂದೇ ಚಾಪೆಯ ಮೇಲೆ ಕುಳಿತೆವು. ಅವತ್ತು ಸಂಜೆ ಒಂದು ಪೆಟ್ಟೂ ಕೇಳಲಿಲ್ಲ. ಕೊರಗಪ್ಪಣ್ಣ ಮೀಸೆ ತಿರುವಿ, ನೋಡಿ, ಹೊಟ್ಟೆ ತುಂಬಿತು ಅಂದರು. ಮಾರನೆಯ ದಿನ ಮತ್ತೆ ಕೇಳಿತು.

ಆದರೆ ಸುಮಿತನಿಗೆ ಹೆದರಿಕೆ ಹೋಗಿತ್ತು. ಅಮ್ಮ, ನಾನು ಸರಿಯಾಗಿ ಕೇಳ್ದೆ, ಮೂರು ಸಲ ಟಣ್, ಒಂದು ಸಲ ಬೊದ್, ಪಪ್ಪ ಏನೋ ಹೇಳ್ತಾ ಇದ್ದಾರೆ ಅಂದವನೇ ಗಾಡಿ ತೆಗೆದುಕೊಂಡು ಉಸ್ಮಾನ್ ಬ್ಯಾರಿಯ ಟಯರ್ ಅಂಗಡಿಗೆ ಹೋದ. ಉಸ್ಮಾನ್ ಎಡಗಡೆಯ ಒಳಚಕ್ರ ಬಿಚ್ಚಿಸಿದ. ಗಾಳಿ ಅರ್ಧಕ್ಕಿಂತ ಕಡಿಮೆ, ಪಕ್ಕದ ರಬ್ಬರು ಬಿರಿದು ನೂಲು ಕಾಣುತ್ತಿತ್ತಂತೆ. ಇದರ ಮೇಲೆ ಒಂಟೆ ಏರಿಸಿ ಹೋಗಿದ್ರೆ ಒಂಟೆಗೂ ನಿಂಗೂ ಒಂದೇ ದಿನ ಖಲಾಸ್ ಆಗ್ತಿತ್ತು ಮಾರಾಯ, ಯಾರು ಹೇಳಿದ್ದು ನಿಂಗೆ ಅಂತ ಕೇಳಿದನಂತೆ. ಅಪ್ಪ ಅಂತ ಸುಮಿತ್ ಹೇಳಿದ.

ಇಷ್ಟು ಭಾರಕ್ಕೆ ಪಿಕಪ್ಪಿನ ಚಕ್ರ ಸಾಲದು, ಲಾರಿಗೆ ಹಾಕುವಂಥ ದೊಡ್ಡ ಚಕ್ರವನ್ನೇ ಕೂರಿಸಬೇಕು ಅಂದ ಉಸ್ಮಾನ್. ಕಫೀಲ್ ಕೂಡಲೇ ಒಪ್ಪಿದರು, ಪೊಲೀಸರ ಅನುಮತಿಯನ್ನೂ ಅವರೇ ತಂದರು. ಅವರಿಗೆ ಒಂಟೆಯ ಕಾಲು ಮುಖ್ಯ. ಡ್ರೈವರನ ಕಾಲು ಆಮೇಲೆ ಅಂತ ಇವರು ತಮಾಷೆ ಮಾಡುತ್ತಿದ್ದರು.

ನಿನ್ನೆ ಚಕ್ರ ಹಾಕುವಾಗ ನಾನೂ ಹೋಗಿದ್ದೆ. ಆರೂ ಹಳೆಯ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹೊಸದು ಎತ್ತರ, ನನ್ನ ಸೊಂಟ ದಾಟುತ್ತದೆ. ಅದು ನೇರವಾಗಿ ಕೂರುವುದಿಲ್ಲ, ನಡುವೆ ಒಂದು ದಪ್ಪ ಕಬ್ಬಿಣದ ಬಿಲ್ಲೆ ಕೂರಿಸಿ ಅದರ ಮೇಲೆ ಹಾಕಬೇಕು. ಮೊದಲ ಸಲ ಹಾಕಿದಾಗ ಜೋಡಿ ಟಯರುಗಳ ಹೊಟ್ಟೆ ಒಂದಕ್ಕೊಂದು ತಾಗುತ್ತಿತ್ತು. ಉಸ್ಮಾನ್ ನಡುವೆ ಕೈ ತೂರಿಸಲು ನೋಡಿದ, ಹೋಗಲಿಲ್ಲ. ಬಿಚ್ಚಿ ಅಂದ. ಜೋಡಿಯಾಗಿದ್ರೂ ಮಧ್ಯೆ ಗಾಳಿ ಆಡ್ಬೇಕು ಮೋಹಿನಕ್ಕ, ತೀರಾ ಅಂಟಿಕೊಂಡ್ರೆ ಒಂದನ್ನೊಂದು ಉಜ್ಜಿ ಸುಟ್ಟು ಹಾಕ್ತದೆ ಅಂತ ನನ್ನ ಕಡೆ ತಿರುಗಿ ಹೇಳಿದ. ಅವನು ಟಯರಿನ ಮಾತೇ ಹೇಳಿದ್ದು. ನನಗೆ ಯಾಕೋ ಅಲ್ಲಿ ನಿಲ್ಲಲಾಗಲಿಲ್ಲ, ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದೆ.

ಇನ್ನೂ ದಪ್ಪದ ಬಿಲ್ಲೆ ಹಾಕಿದ ಮೇಲೆ ಸರಿಯಾಯಿತು. ಸುಮಿತ್ ಲಿಂಬೆಹಣ್ಣು ತಂದಿದ್ದ, ನಾಲ್ಕು. ಊರಿನಲ್ಲಿ ಕಾರಿಗೆ ಇಟ್ಟ ಲೆಕ್ಕವೇ ಅವನ ತಲೆಯಲ್ಲಿ. ಉಸ್ಮಾನ್ ನಕ್ಕು, ನಿಮ್ಮ ಶಾಸ್ತ್ರ ನೀವು ಮಾಡಿ, ಆದ್ರೆ ಆರು ಜನ ಊಟಕ್ಕೆ ಕೂತಾಗ ನಾಲ್ಕು ಎಲೆ ಹಾಕಿದ್ರೆ ಹೇಗೆ, ಒಳಗಿನವ್ರು ಜಗಳಕ್ಕೆ ಬರ್ತಾರೆ ಅಂದ. ಎಲ್ಲರೂ ನಕ್ಕರು. ನಾನು ಡಬ್ಬಿಯ ಚಿತ್ರಾನ್ನಕ್ಕೆಂದು ತಂದಿದ್ದ ಎರಡು ಲಿಂಬೆ ತೆಗೆದು ಒಳಚಕ್ರಗಳ ಅಡಿಗೆ ತಳ್ಳಿದೆ. ಸುಮಿತನಪ್ಪ ಯಾವತ್ತೂ ಒಳಗಿನದಕ್ಕೇ ಮೊದಲು ಇಡುತ್ತಿದ್ದರು.

ಹೊರಡುವಾಗ ಉಸ್ಮಾನ್ ಸುಮಿತನಿಗೆ ಎರಡು ಮಾತು ಹೇಳಿದ. ಚಕ್ರ ದೊಡ್ಡದಾದ ಕಾರಣ ಸ್ಪೀಡಿನ ಮುಳ್ಳು ತೋರಿಸುವುದಕ್ಕಿಂತ ಗಾಡಿ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ, ಅದನ್ನು ಸರಿಮಾಡಿಸುವವರೆಗೆ ಮುಳ್ಳನ್ನು ನಂಬಬೇಡ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೆ ಬಿಗಿಮಾಡು. ಸುಮಿತ್ ಹ್ಞೂಂ ಅಂದ. ಆದರೆ ಮನೆಗೆ ಬರುವ ದಾರಿಯಲ್ಲಿ, ಅಮ್ಮ, ನಂಗೆ ಟೆನ್ಶನ್ ಇಲ್ಲ, ಏನಾದ್ರೂ ತೊಂದರೆ ಇದ್ರೆ ಪಪ್ಪ ಬಡಿದು ಹೇಳ್ತಾರೆ ಅಂದ.

ಆ ಮಾತು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ ಅಕ್ಕ. ಸತ್ತವರನ್ನು ನಂಬಿಕೊಂಡು ಬದುಕಿರುವವನು ಟಯರು ನೋಡದೆ ಹೊರಟರೆ?

ಚರ್ಚಿಗೆ ಹೋದಾಗ ಅವನ ಹೆಸರಿನಲ್ಲಿ ಒಂದು ಮೊಂಬತ್ತಿ ಹಚ್ಚಿ. ಎಲಿಯಾಸಣ್ಣನಿಗೆ ನಮಸ್ಕಾರ ಹೇಳಿ.

ನಿಮ್ಮ ಹಳೆಯ ನೆರೆಮನೆಯ,
ಮೋಹಿನಿ

ಮರೆತದ್ದು (ಶನಿವಾರ): ಫಾರೂಕನ ವ್ಯಾನು ಹೊರಡುವುದು ತಡವಾಯಿತು, ಅದಕ್ಕೆ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಮರೆತದ್ದು ಅಂದೆನಲ್ಲ, ಅದು ಸುಳ್ಳು. ಕೋಲು ಕಾಣೆ ಅಂದದ್ದೂ ಸುಳ್ಳು. ಪೊಲೀಸರು ಅವರ ಅಂಗಿ, ಗಡಿಯಾರದ ಜೊತೆ ಅದನ್ನೂ ಕೊಟ್ಟಿದ್ದರು. ನಾನು ಯಾರಿಗೂ ತೋರಿಸದೆ ಸೀರೆ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಸುಮಿತ್ ಸ್ನಾನಕ್ಕೆ ಹೋದಾಗ ಹಿಂಬಾಗಿಲಿನಿಂದ ಹೋಗಿ ಬಡಿಯುತ್ತಿದ್ದವಳು ನಾನೇ. ಅವರು ಬಂದ ಶಬ್ದ ಒಂದು ಸಲ ಕೇಳಬೇಕು ಅನ್ನಿಸಿತು, ಅಷ್ಟೇ. ನಾಲ್ಕನೆಯದು ಬೊದ್ ಅಂದದ್ದು ಮೊದಲ ಸಂಜೆಯೇ ನನಗೆ ತಿಳಿದಿತ್ತು. ಹೇಳಿದರೆ ಆ ಚಕ್ರಗಳನ್ನು ಬಿಚ್ಚುತ್ತಾರೆ, ಮತ್ತೆ ಆ ಶಬ್ದವೇ ಇಲ್ಲ ಅಂತ ಬಾಯಿ ಮುಚ್ಚಿಕೊಂಡೆ. ನನ್ನ ಮಗ ದಿನಾ ಅದರ ಮೇಲೆಯೇ ಓಡಾಡುತ್ತಿದ್ದ.

ನಿನ್ನೆ ಅವನು ಹೊರಡುವ ಮೊದಲು ಕೋಲನ್ನು ಡ್ರೈವರ್ ಸೀಟಿನ ಅಡಿಯಲ್ಲಿ ಇಟ್ಟೆ. ಸಿನಾವ್ ದಾಟಿದ ಮೇಲೆ ಫೋನು ಮಾಡಿದ. ಗಾಡಿ ನಿಲ್ಲಿಸಿ ನಟ್ಟು ಬಿಗಿಮಾಡಲು ಪಾನಾ ಹುಡುಕುವಾಗ ಕೋಲು ಸಿಕ್ಕಿತಂತೆ. ನಾಲ್ಕೂ ಟಯರು ಬಡಿದು ನೋಡಿದೆ, ಎಲ್ಲ ಒಂದೇ ಶಬ್ದ ಅಮ್ಮ, ಇನ್ನು ಮೇಲೆ ನಾನೇ ಬಡೀತೇನೆ ಅಂದ. ಒಳ್ಳೆಯದು ಮಗ ಅಂದೆ. ಫೋನಿನಲ್ಲಿ ಗಾಳಿ ಬೀಸುವುದು ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, ಈ ಕೋಲಿಗೆ ನುಸಿಗುಳಿಗೆಯ ವಾಸನೆ ಉಂಟಮ್ಮ, ನಿನ್ನ ಸೀರೆಯದ್ದು ಅಂದ.