ನಾನು ಮಾತಾಡುವಾಗಲೇ ಮಾತಾಡಿ

ಬಾಲಿಕ್ಚಿ,
ಮಾರ್ಚ್ ತಿಂಗಳ ಒಂದು ಗುರುವಾರ

ಮೂರನೇ ಮನೆಯ ಆಕಾಶವಾಣಿಯಾದ ಶ್ರೀಮಾನ್ ಮೆಲಿಸ್ ಅವರಿಗೆ, ಸರ್ಕಾರಿ ದಾಖಲೆಗಳ ಪ್ರಕಾರ ಇನ್ನೂ ತಮ್ಮ ಹೆಂಡತಿಯಾಗಿರುವ ಐಜಿರೆಕ್ ಮಾಡುವ ವಂದನೆಗಳು.

ಇಲ್ಲಿ ನಾನು, ಬೆಕ್ಕು, ಹಳೆಯ ರೇಡಿಯೊ ಮೂವರೂ ಕ್ಷೇಮ. ಚಳಿಗೆ ಮುಂಚೆ ತಾವು ಹೊಸ ರೇಡಿಯೊವನ್ನು ಎಳೆಗೂಸಿನಂತೆ ಕಂಬಳಿಯಲ್ಲಿ ಸುತ್ತಿಕೊಂಡು, ಇಲ್ಲಿಂದ ಮೂರನೆಯದಾದ ತಮ್ಮ ಅಣ್ಣನ ಮನೆ ಸೇರಿದಿರಿ. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತು. ರೇಡಿಯೊದಲ್ಲಿ ಪ್ರಪಂಚದ ಜೊತೆಗಿನ ಮಾತನ್ನು ಮಾತ್ರ ಇಬ್ಬರೂ ನಿಲ್ಲಿಸಲಿಲ್ಲ. ಈಗಿನ ತಕರಾರು ಹುಟ್ಟಿದ್ದು ಅಲ್ಲೇ.

ದಕ್ಷಿಣ ಅಟ್ಲಾಂಟಿಕ್‌ನ ಆ ಪೆಂಗ್ವಿನ್ ದ್ವೀಪದಲ್ಲಿ ನಮ್ಮಂಥ ರೇಡಿಯೊ ಹವ್ಯಾಸಿಗಳ ತಂಡ ಡೇರೆ ಹಾಕಿರುವುದು ತಮಗೂ ಗೊತ್ತು. ಈ ವಾರ ಕಳೆದರೆ ಹಡಗು ಹತ್ತುತ್ತಾರೆ. ಮತ್ತೆ ಯಾರಾದರೂ ಅಲ್ಲಿಗೆ ಹೋಗುವಷ್ಟರಲ್ಲಿ ನಮ್ಮ ಬಾಯಲ್ಲಿ ಹಲ್ಲಿರುತ್ತದೋ ಇಲ್ಲವೋ. ಮದುವೆಯಾದ ವರ್ಷ ನಮ್ಮ ಕರೆಗೆ ಉತ್ತರ ಕೊಟ್ಟವರು ಕಳಿಸಿದ ದೇಶದೇಶಗಳ ಕಾರ್ಡುಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ನಟ್ಟನಡುವೆ ಆ ದ್ವೀಪಕ್ಕಾಗಿ ತಾವೊಂದು ಮೊಳೆ ಹೊಡೆದಿದ್ದಿರಿ. ಮೊಳೆ ಈಗಲೂ ಖಾಲಿ. ಸದ್ಯಕ್ಕೆ ಅದಕ್ಕೆ ಚಹಾ ಸೋಸುವ ಜರಡಿ ನೇತುಹಾಕಿದ್ದೇನೆ, ಕ್ಷಮಿಸಬೇಕು.

ರೇಡಿಯೊ ಮೂಲಕ ಒಂದೊಂದೇ ಸಾಲು ಕಳಿಸುವ ನಮ್ಮ ಕಂಪ್ಯೂಟರ್ ಮಾತಿನ ಮರ್ಯಾದೆಯನ್ನು ತಮಗೆ ಹೇಳಿಕೊಡಬೇಕೆ? ಕಾಲು ನಿಮಿಷ ಮಾತು, ಕಾಲು ನಿಮಿಷ ಮೌನ. ದ್ವೀಪ ಮಾತಾಡುವಾಗ ಕರೆಯುವವರೆಲ್ಲ ಬಾಯಿ ಮುಚ್ಚಿರಬೇಕು. ಅದು ಕಿವಿಗೊಟ್ಟಾಗ ಎಲ್ಲರೂ ಕೂಗಬೇಕು. ನಾನೂ ಸೂರ್ಯ ಹುಟ್ಟುವ ಹೊತ್ತಿಗೆ ಕೂಗಿ, ಉಸಿರು ಬಿಗಿಹಿಡಿದು ಕೇಳಲು ಕೂತರೆ, ಸರಿಯಾಗಿ ಆಗಲೇ ಮೂರನೇ ಮನೆಯಿಂದ ಗುಡುಗು. ತಾವು ಜಪಾನಿನವರನ್ನು ಕರೆಯುತ್ತಿರುತ್ತೀರಿ. ಪಕ್ಕದಲ್ಲೇ ತಮಟೆ ಬಡಿಯುತ್ತಿದ್ದರೆ ಇರುವೆಯ ಹೆಜ್ಜೆ ಕೇಳಿಸೀತೆ? ಇದು ಸೇಡೇ ಎಂದುಕೊಂಡು ತಮಗೆ ಕೊಟ್ಟ ಬಿರುದುಗಳನ್ನು ಇಲ್ಲಿ ಬರೆಯಲಾರೆ. ಬೆಕ್ಕು ಕೇಳಿದೆ.

ಮೊನ್ನೆ ತಮ್ಮ ಅತ್ತಿಗೆ ಬೂರುಲ್ ಅಕ್ಕ ಬಿಸಿ ಬೋರ್ಸೋಕ್ ಕರಿದು ತಂದಿದ್ದಳು. ಅವಳ ಮುಂದೆ ದೂರಿಕೊಂಡೆ. ಅವಳು ನಕ್ಕುಬಿಟ್ಟಳು.

"ಸೇಡಲ್ಲ ಕಣೇ ಹುಚ್ಚಿ. ನಿನ್ ಗಂಡ ನೀನು ಮಾತು ಮುಗಿಸೋವರ್ಗೂ ಕಲ್ಲಿನ ಹಾಗೆ ಕೂತಿರ್ತಾನೆ. 'ಅವಳಿಗೆ ಪೂರ್ತಿ ಮಾತಾಡೋಕೆ ಬಿಡ್ತಿರ್ಲಿಲ್ಲ ಅಂತ ತಾನೇ ಜಗಳ? ಇನ್ಮೇಲೆ ಅವಳ ಮಾತು ಮುಗಿದ್ಮೇಲೇ ನಾನು ಬಾಯಿ ಬಿಡೋದು' ಅಂತಾನೆ."

ಬಾಯಿಗೆ ತಂದ ಬೋರ್ಸೋಕನ್ನು ತಟ್ಟೆಗೆ ವಾಪಸ್ ಇಟ್ಟೆ. ಸಂಸಾರದಲ್ಲಿ ಬೇಕಾಗಿದ್ದ ಸೌಜನ್ಯವನ್ನು ತಾವು ಆಕಾಶದಲ್ಲಿ ತೋರಿಸುತ್ತಿದ್ದೀರಿ. ನಾನು ಸುಮ್ಮನಾದಾಗ ತಾವು ಮಾತಾಡುತ್ತೀರಿ. ದ್ವೀಪ ಮಾತಾಡುವುದೂ ಆಗಲೇ. ಹಾಗಾದರೆ ತಮಗೆ ಅದು ಕೇಳಿಸುವುದೇ ಇಲ್ಲ. ನನಗೆ ಸರದಿ ಬಿಟ್ಟುಕೊಟ್ಟು, ತಾವೇ ಮೊಳೆ ಹೊಡೆದ ದ್ವೀಪವನ್ನೂ ಬಿಟ್ಟುಕೊಟ್ಟಿರಿ.

ನಿನ್ನೆ ಬೆಳಿಗ್ಗೆ ಬೂರುಲ್ ಅಕ್ಕ ತಮ್ಮನ್ನು ಹುಲ್ಲು ತರಲು ಅಟ್ಟಿದ್ದು ನನ್ನ ಪಿತೂರಿ. ಸರೋವರದಾಚೆ ಬೆಟ್ಟದ ಹಿಮ ಕೆಂಪಾಗುತ್ತಿತ್ತು. ರೇಡಿಯೊದಲ್ಲಿ ಬರೀ ಸುಂಯ್ ಎನ್ನುವ ಸದ್ದು. ಆ ಸದ್ದಿನೊಳಗಿಂದ, ಮರಳಲ್ಲಿ ಬಿದ್ದ ಸಾಸಿವೆಯನ್ನು ಹೆಕ್ಕಿದಂತೆ, ಕಂಪ್ಯೂಟರ್ ಒಂದೇ ಒಂದು ಸಾಲು ಹೆಕ್ಕಿತು. ದ್ವೀಪದ ಹೆಸರು. ಒಂದು ಬಲ್ಬು ಉರಿಸುವಷ್ಟು ಶಕ್ತಿ, ನೀರಿಗೂ ಆಕಾಶಕ್ಕೂ ಚೆಂಡಿನಂತೆ ಪುಟಿಯುತ್ತಾ, ಆಫ್ರಿಕಾದ ಕಾಡುಗಳ ಮೇಲಿಂದ ಹಾಯ್ದು, ನಮ್ಮ ಬಟ್ಟೆ ಒಣಹಾಕುವ ಹಗ್ಗದ ಪಕ್ಕದ ಆಂಟೆನಾ ತಂತಿಗೆ ಬಂದು ತಾಗಿತ್ತು. ಮನೆಗೆ ಹಿರಿಯರು ಬಂದಾಗ ಮಾಡುವಂತೆ ಗಡಬಡಿಸಿ ಎದ್ದು ತಲೆಗೆ ವಸ್ತ್ರ ಹೊದ್ದುಕೊಂಡೆ. ನಗಬೇಡಿ. ತಾವಾಗಿದ್ದರೂ ಟೋಪಿ ಸರಿಮಾಡಿಕೊಳ್ಳುತ್ತಿದ್ದಿರಿ.

ಆದ್ದರಿಂದ ವಿನಂತಿ ಇಷ್ಟೇ. ನೆರೆಹೊರೆಯವರು ಒಟ್ಟಿಗೆ ಮಾತಾಡಬೇಕು, ಒಟ್ಟಿಗೆ ಸುಮ್ಮನಿರಬೇಕು. ಇದು ಬಾನಿನ ನೀತಿ. ಶ್ರುತಿಯನ್ನು ತುಸು ಪಕ್ಕಕ್ಕಿಟ್ಟುಕೊಂಡರೆ ಒಬ್ಬರ ದನಿ ಇನ್ನೊಬ್ಬರದಕ್ಕೆ ತಾಗುವುದಿಲ್ಲ. ನಾನು ಕೂಗುವಾಗಲೇ ಕೂಗಿ. ಆಮೇಲೆ ಇಬ್ಬರೂ ಕೇಳೋಣ.

ತಮ್ಮ ಗುಡುಗಿಗೆ ಕಿವಿ ಒಗ್ಗಿಸಿಕೊಂಡಿರುವ,
ಐಜಿರೆಕ್

ಮರೆತ ಮಾತು: ದ್ವೀಪ ನಿನ್ನೆಯೇ ನನ್ನ ಕರೆಗೆ ಉತ್ತರ ಕೊಟ್ಟಾಯಿತು. ಒಮ್ಮೆ ಉತ್ತರ ಸಿಕ್ಕವರು ಮತ್ತೆ ಕರೆದು ಬೇರೆಯವರ ಸರದಿ ಕಸಿಯುವುದು ಮರ್ಯಾದೆಯಲ್ಲ. ಹಾಗಾಗಿ ನಾಳೆ ಬೆಳಿಗ್ಗೆ ನಮ್ಮ ಮನೆಯ ರೇಡಿಯೊ ಮುಂದಿನ ಕುರ್ಚಿ ಖಾಲಿ. ಅಣ್ಣನ ಕೋಳಿಗೂಡಿನ ಮೇಲೆ ತಾವು ಕಟ್ಟಿರುವ ಆ ಸೊಟ್ಟ ತಂತಿಗೆ ಪೆಂಗ್ವಿನ್‌ಗಳು ಕೇಳಿಸುವುದಿಲ್ಲ. ಬಾಗಿಲು ತೆರೆದಿರುತ್ತದೆ. ಮೊಳೆಯಿಂದ ಜರಡಿ ತೆಗೆದಿದ್ದೇನೆ.