ಮಳೆ ತರೋಳು

ರೀ,

ನೀವು ಏಳೋ ಹೊತ್ತಿಗೆ ನಾನು ಕವಾಗುಚಿ ಸರೋವರದ ಬಸ್ಸಲ್ಲಿರ್ತೀನಿ. ಹೌದು, ನನ್ನ ಬಿಟ್ಟು ಶನಿವಾರ ನೀವೂ ನಿಮ್ಮಕ್ಕ ಹಿಸಾನೊ ಅವರೂ ಹೋಗಬೇಕು ಅಂತಿರೋ ಅದೇ ಸರೋವರ.

ಅನ್ನ ಕುಕ್ಕರಲ್ಲಿದೆ. ಉಪ್ಪಿನಕಾಯಿಗೆ ತರಕಾರಿ ಹೂತಿಟ್ಟಿರೋ ತವುಡನ್ನ ದಿನಾ ಒಂದ್ಸಲ ಕೈ ಹಾಕಿ ಕಲಸಿ, ಚಮಚ ಬೇಡ. ನಾಳೆ ಶುಕ್ರವಾರ, ಸುಡೋ ಕಸ ಒಯ್ಯೋ ದಿನ, ಎಂಟು ಗಂಟೆಯೊಳಗೆ ಕೆಳಗಿಡಿ. ನನ್ನ ಹಾಸಿಗೆ ಬಾಲ್ಕನಿಯಲ್ಲಿ ಒಣಹಾಕಿದ್ದೀನಿ. ತೆಗೆಯೋಕೆ ಆತುರ ಬೇಡ, ಮಳೆ ತರೋಳು ಊರಲ್ಲೇ ಇಲ್ವಲ್ಲ!

“ಅವಳು ಮಳೆ ಹೆಂಗಸು ಕಣೋ, ಅವಳು ಬಂದರೆ ಫುಜಿ ಬೆಟ್ಟ ಮೋಡದೊಳಗೆ ಅಡಗಿ ಕೂರುತ್ತೆ” ಅಂತ ನಿಮ್ಮಕ್ಕ ಅಂದಿದ್ದು ಕೇಳಿಸ್ತು. ಸ್ಪೀಕರ್ ಹಾಕಿಕೊಂಡೇ ಮಾತಾಡ್ತೀರಲ್ಲ. ನೀವು ನಕ್ಕಿದ್ದೂ ಕೇಳಿಸ್ತು.

ಮದುವೆ ದಿನ ಮಳೆ ಬಂತು, ನಿಜ. ಆಮೇಲೆ ಇದೇ ಸರೋವರಕ್ಕೆ ಹೋದಾಗ ಮೂರು ದಿನ ಮೋಡ ಕದಲಲಿಲ್ಲ, ಅದೂ ನಿಜ. ಮಗಳ ಶಾಲೆಯ ಆಟೋಟದ ದಿನವೂ ಸುರೀತು. ಆದರೆ ಅಷ್ಟೂ ಸಲ ನನ್ನ ಪಕ್ಕದಲ್ಲಿ ನಿಂತಿದ್ದವರು ಯಾರ್ರೀ? ಮೂವತ್ತೆಂಟು ವರ್ಷ ಆ ಹೆಸರು ನಾನೊಬ್ಬಳೇ ಹೊತ್ತೆ. ಈಗ ಒಬ್ಬಳೇ ಹೋಗಿ ನೋಡ್ತೀನಿ, ಮಳೆ ಯಾರದು ಅಂತ.

ಫುಜಿ ಕಾಣಿಸಿದರೆ ಫೋಟೊ ಕಳಿಸ್ತೀನಿ, ನಿಮ್ಮಕ್ಕನಿಗೂ. ಕಾಣಿಸದಿದ್ದರೂ ವಾಪಸ್ ಬರಲ್ಲ. ರೂಮು ಭಾನುವಾರದವರೆಗೆ ಹಿಡಿದಿದ್ದೀನಿ. ಶನಿವಾರ ನೀವಿಬ್ಬರೂ ಬಸ್ಸಿಳಿಯುವಾಗ ದಡದಲ್ಲೇ ನಿಂತಿರ್ತೀನಿ.

ಕೊಡೆ ಮನೇಲೇ ಬಿಟ್ಟಿದ್ದೀನಿ. ಬರ್ತಾ ತನ್ನಿ, ನಿಮಗೆ ಬೇಕಾಗುತ್ತೆ.

ತೊಕಿಕೊ